ಆಯ್ತು ಅಂದೆ, ತಲೆಯಾಡಿಸಿದೆ

ಅವತ್ತು ಮುಖ್ಯಸ್ಥರ ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಮೇಜಿನ ಆಚೆ ನಮ್ಮ ವಿಭಾಗದ ಮುಖ್ಯಸ್ಥರಾದ ಶ್ರೀಕಂಠಯ್ಯನವರು. ಈಚೆ, ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಉಕ್ಕಿನ ಭಾಗಗಳನ್ನು ಫರ್ನೇಸಿನಲ್ಲಿ ಕಾಯಿಸಿ ಹದ ಮಾಡಿಕೊಡುವ ಚನ್ನಪ್ಪನವರು. ಬಾಗಿಲ ಹತ್ತಿರ, ಕೂರು ಎಂದು ಯಾರೂ ಹೇಳದ್ದರಿಂದ ನಿಂತೇ ಇದ್ದ ಗಿರಿಜಾ. ಅವಳ ಪಕ್ಕದ ಕುರ್ಚಿಯಲ್ಲಿ ನಾನು. ಮೇಜಿನ ಮೇಲೆ ಎರಡು ತುಂಡಾದ ಒಂದು ಉಕ್ಕಿನ ಪಿನ್ನು. ಆ ನಾಲ್ವರಲ್ಲಿ ಒಬ್ಬರು ಸುಳ್ಳು ಹೇಳಿದರು. ಇನ್ನೊಬ್ಬರು ಅದರಿಂದಾಗಿ ಕೆಲಸ ಕಳೆದುಕೊಂಡರು. ಸುಳ್ಳು ಹೇಳಿದವಳು ನಾನು.

ಇಷ್ಟನ್ನು ಬರೆದುಬಿಟ್ಟರೆ ಎದೆ ಹಗುರಾದೀತು ಅಂದುಕೊಂಡಿದ್ದೆ. ಆಗಲಿಲ್ಲ. ಸುಳ್ಳು ಅಂದ ತಕ್ಷಣ ನೀವು ದೊಡ್ಡದೇನನ್ನೋ ಊಹಿಸಿಕೊಳ್ಳುತ್ತೀರಿ — ಖೋಟಾ ಸಹಿ, ಕದ್ದ ಬರಹ, ಅಂಥದ್ದು. ನಾನು ಹೇಳಿದ್ದು ಒಂದು ಮಾತಿನ ಅರ್ಥ, ಅಷ್ಟೇ. ಅದೂ ನಾವೆಲ್ಲ ಬೆಳಗಿನಿಂದ ಸಂಜೆಯವರೆಗೆ ಆಡುತ್ತಲೇ ಇರುವ ಮಾತು.

ಕೆಂಗೇರಿಯಾಚೆ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲೋಹಗಳ ಪಾಠ ಮಾಡುತ್ತೇನೆ. ಉಕ್ಕಿನ ತುಂಡೊಂದನ್ನು ಕನ್ನಡಿಯಂತೆ ಉಜ್ಜಿ, ಸ್ವಲ್ಪ ಆಸಿಡ್ ಸವರಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರೆ ಅದು ಒಂದೇ ಮುದ್ದೆಯಲ್ಲ, ಒತ್ತೊತ್ತಾಗಿ ಕೂತ ಕಾಳುಗಳ ರಾಶಿ ಅಂತ ಗೊತ್ತಾಗುತ್ತದೆ. ಕಾಳು ಸಣ್ಣಗಿದ್ದರೆ ಉಕ್ಕು ಪೆಟ್ಟು ತಾಳುತ್ತದೆ. ಹೆಚ್ಚು ಶಾಖದಲ್ಲಿ ಹೆಚ್ಚು ಹೊತ್ತು ಇಟ್ಟರೆ ದೊಡ್ಡ ಕಾಳು ಸಣ್ಣ ಕಾಳನ್ನು ನುಂಗುತ್ತಾ ಹೋಗುತ್ತದೆ — ಬಟ್ಟೆ ನೆನೆಸಿದ ಬಕೆಟ್ಟಿನ ನೊರೆಯನ್ನು ಸುಮ್ಮನೆ ನೋಡುತ್ತಾ ನಿಂತಿದ್ದೀರಾ? ಸಣ್ಣ ಗುಳ್ಳೆ ಮಾಯವಾಗಿ ದೊಡ್ಡದು ಇನ್ನೂ ದೊಡ್ಡದಾಗುತ್ತದಲ್ಲ, ಹಾಗೆ. ಅಂಥ ಉಕ್ಕು ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ಒಂದು ದಿನ ಪಟ್ಟನೆ ಮುರಿಯುತ್ತದೆ.

ಕಾಳುಗಳು ಹೀಗೆ ಬೆಳೆಯುವುದನ್ನು ಫರ್ನೇಸ್ ಹಚ್ಚುವ ಮೊದಲೇ ಕಂಪ್ಯೂಟರಿನಲ್ಲಿ ನೋಡಬಹುದು. ನಮ್ಮ ವಿದ್ಯಾರ್ಥಿಗಳಿಗೂ ಸಣ್ಣ ವರ್ಕ್‌ಶಾಪಿನವರಿಗೂ ಅನುಕೂಲವಾಗಲಿ ಅಂತ ಅದನ್ನೊಂದು ವೆಬ್‌ಸೈಟ್ ಮಾಡುವ ಯೋಜನೆ ನಮ್ಮ ವಿಭಾಗಕ್ಕೆ ಬಂತು. ಕೆಂಗೇರಿಗೆ ಮೆಟ್ರೊ ಆಗತಾನೇ ಬಂದಿದ್ದ ಕಾಲ. ಯಾವ ಉಕ್ಕು, ಎಷ್ಟು ಶಾಖ, ಎಷ್ಟು ಹೊತ್ತು ಅಂತ ಆರಿಸಿ ಗುಂಡಿ ಒತ್ತಿದರೆ ಸಾಕು, ಫೋನಿನ ಪರದೆಯ ಮೇಲೆ ಬಣ್ಣಬಣ್ಣದ ಕಾಳುಗಳು ಬೆಳೆಯುವುದು ಕಾಣಬೇಕು. ಅದನ್ನು ಬರೆದವಳು ಗಿರಿಜಾ. ಒಂದೊಂದು ಸಾಲನ್ನೂ ಅವಳೇ ಬರೆದದ್ದು. ಇದನ್ನು ಒತ್ತಿ ಹೇಳುತ್ತಿದ್ದೇನೆ — ಇಷ್ಟು ವರ್ಷ ಹೇಳದೇ ಇದ್ದದ್ದರಿಂದ.

ಗಿರಿಜಾ ಗದಗದ ಕಡೆಯವಳು. ವಿಜಯನಗರದ ಪೀಜಿಯೊಂದರಲ್ಲಿದ್ದುಕೊಂಡು ನಮ್ಮಲ್ಲಿ ಸಂಶೋಧನಾ ಸಹಾಯಕಿಯಾಗಿದ್ದಳು. ವರ್ಷ ವರ್ಷ ಮುಂದುವರಿಸುವ ಗುತ್ತಿಗೆಯ ಕೆಲಸ. ಶ್ರೀಕಂಠಯ್ಯನವರ ಕೈಕೆಳಗೆ ಪಿಎಚ್‌ಡಿಗೆ ಸೇರಬೇಕೆಂಬುದು ಅವಳ ಆಸೆ. ಅವರು ಬಾಯಿಮಾತಿನಲ್ಲಿ ಒಪ್ಪಿಯೂ ಇದ್ದರು. ಅವರ ಸಹಿಯೊಂದು ಬಾಕಿ. ಊಟದ ಹೊತ್ತಿನಲ್ಲಿ ನನ್ನ ಮಾತು ಕೇಳಿ ಕೇಳಿ ನಗುತ್ತಿದ್ದಳು. "ನೀವು ಬೆಂಗಳೂರಿನವ್ರು ಅರ್ಧ ಶಬ್ದ ನುಂಗಿಬಿಡ್ತೀರಿ ನೋಡ್ರಿ ಮೇಡಂ. ಹೊಟ್ಟಿ ತುಂಬ್ತೈತೇನ್ರೀ ಅದ್ರಾಗ?"

"ನೀವು ಮಾತ್ಮಾತಿಗೂ ಒಂದು ರೀ ಸೇರಿಸ್ತೀರಲ್ಲ, ಒಟ್ಟು ಲೆಕ್ಕ ಸರಿಹೋಗತ್ತೆ ಬಿಡೇ," ಅನ್ನುತ್ತಿದ್ದೆ ನಾನು.

ಅವಳನ್ನು ನಾನು ಹೋಗೇ ಬಾರೇ ಅನ್ನುತ್ತಿದ್ದೆ. ಸ್ವಂತ ತಂಗಿಯ ಹಾಗೆ ಅಂತ ಬರೆಯಲು ಹೊರಟಿದ್ದೆ — ಬೇಡ. ಸ್ವಂತ ತಂಗಿಗೆ ಹಾಗೆ ಮಾಡುತ್ತಿರಲಿಲ್ಲ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಕಂಪ್ಯೂಟರು ಉಕ್ಕನ್ನು ಇಡಿಯಾಗಿ ನೋಡಲಾರದು. ಅದರ ಮೇಲೆ ಸಾಲಾಗಿ ಚುಕ್ಕಿ ಇಟ್ಟುಕೊಂಡು ಚುಕ್ಕಿಯಿಂದ ಚುಕ್ಕಿಗೆ ಲೆಕ್ಕ ಮಾಡುತ್ತದೆ. ಚುಕ್ಕಿ ತೀರಾ ದೂರ ದೂರ ಬಿದ್ದರೆ ಎರಡು ಕಾಳಿನ ನಡುವಿನ ಗೆರೆ ಆ ಸಂದಿನಲ್ಲಿ ಸಿಕ್ಕಿಕೊಂಡು ಅಲ್ಲೇ ನಿಂತುಬಿಡುತ್ತದೆ. ಕಾಳು ಬೆಳೆಯುವುದೇ ಇಲ್ಲ. ನೋಡಿದವರಿಗೆ, ಆಹಾ, ಎಷ್ಟು ಹೊತ್ತು ಕಾಯಿಸಿದರೂ ಈ ಉಕ್ಕಿಗೆ ಏನೂ ಆಗುವುದಿಲ್ಲ ಅನ್ನಿಸುತ್ತದೆ. ಆದ್ದರಿಂದ ಚುಕ್ಕಿಗಳನ್ನು ಹತ್ತಿರ ಹತ್ತಿರ ಇಟ್ಟು ಇನ್ನೊಮ್ಮೆ ಓಡಿಸಿ, ಮೊದಲಿನ ಚಿತ್ರವೇ ಬಂತೇ ಎಂದು ನೋಡಬೇಕು. ಚುಕ್ಕಿ ಎಂಬ ರಂಗೋಲಿಯ ಮಾತನ್ನು ಲ್ಯಾಬಿಗೆ ತಂದವಳೂ ಗಿರಿಜಾ. ನಮ್ಮಲ್ಲಿ ಬರೆದವರೇ ಪರೀಕ್ಷಿಸುವಂತಿಲ್ಲ. ಇನ್ನೊಬ್ಬರು ನೋಡಿ ಒಪ್ಪಿದ ಮೇಲೆಯೇ ವೆಬ್‌ಸೈಟಿಗೆ ಏರಿಸಬೇಕು. ಆ ಇನ್ನೊಬ್ಬಳು ನಾನು.

ವರ್ಕ್‌ಶಾಪ್ ಮಾಲೀಕರನ್ನು ಕರೆದು ವೆಬ್‌ಸೈಟ್ ತೋರಿಸುವ ಕಾರ್ಯಕ್ರಮ ನಿಗದಿಯಾಗಿತ್ತು. ಚನ್ನಪ್ಪನವರಂಥವರು ದಿನವೂ ಬಳಸುವ ಒಂದು ಉಕ್ಕನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೆವು. ಹಿಂದಿನ ದಿನ ನಾನು ಚುಕ್ಕಿ ಹತ್ತಿರ ಮಾಡಿ ಓಡಿಸಲು ಕೂತೆ. ಬಹಳ ನಿಧಾನ — ಇಡೀ ಯಂತ್ರವನ್ನೇ ಹಿಡಿದುಕೊಂಡು ಕೂತಿತು. ಅರ್ಧ ಓಡಿರಬಹುದು, ಶ್ರೀಕಂಠಯ್ಯನವರು ಬಂದು, "ಮೇಡಂ, ನಾಳೆ ಡೆಮೊಗೆ ಈ ಸಿಸ್ಟಮ್ಮೇ ಬೇಕು, ಖಾಲಿ ಮಾಡಿಕೊಡಿ," ಅಂದರು. ನಿಲ್ಲಿಸಿದೆ.

ನಿಲ್ಲಿಸುವ ಮುಂಚೆ ಪರದೆಯನ್ನು ನೋಡಿದೆ. ಕಾಳುಗಳು ಗಿರಿಜಾಳ ಚಿತ್ರದಲ್ಲಿದ್ದುದಕ್ಕಿಂತ ದಪ್ಪಗಿದ್ದವು.

ಈ ಒಂದು ವಾಕ್ಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡದ್ದು ಬೇರೆ — ಅರ್ಧ ಓಡಿದ್ದನ್ನು ನಂಬುವುದು ಹೇಗೆ, ಕಣ್ಣಿಗೆ ಹಾಗೆ ಕಂಡಿರಬಹುದು, ಕಾರ್ಯಕ್ರಮ ಮುಗಿದ ಮೇಲೆ ಪೂರ್ತಿ ಓಡಿಸಿದರಾಯಿತು. ಮುಖ್ಯಸ್ಥರ ಹತ್ತಿರ ಹೋಗಿ 'ಇದು ಸಿದ್ಧವಿಲ್ಲ ಸಾರ್' ಅನ್ನಬೇಕಾಗಿತ್ತು. ಅವರ ಮುಖ ನೆನೆಸಿಕೊಂಡೆ, ಹಂಚಿಯಾಗಿದ್ದ ಆಹ್ವಾನಗಳನ್ನು ನೆನೆಸಿಕೊಂಡೆ. ಸುಮ್ಮನಾದೆ.

ಬೆಳಿಗ್ಗೆ ಮೆಟ್ಟಿಲ ಮೇಲೆ ಗಿರಿಜಾ ಎದುರಾದಳು. ಕೈತುಂಬ ಹೂವಿನ ತಟ್ಟೆ. "ಮೇಡಂರೀ, ಆ ಚುಕ್ಕಿದೊಂದು ನೋಡೂದಿತ್ತಲ್ರೀ?"

"ಆಯ್ತು," ಅಂದೆ.

ಕನ್ನಡ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲಸ ಮುಗಿದರೂ ಆಯ್ತು. ಆಗಲಿ, ಮಾಡುತ್ತೇನೆ ಅನ್ನುವುದಕ್ಕೂ ಆಯ್ತು. ನನಗೆ ಮಾತು ಕಲಿಸಿದವರು ತಾತ. ಚಿಕ್ಕವಳಿದ್ದಾಗ ಅವರು ಹಂಡೆಗೆ ನೀರು ತುಂಬು ಎಂದು ಹೇಳಿ, ನಾನು ಆಟದ ಮಧ್ಯದಿಂದ 'ಆಯ್ತು ತಾತ' ಅಂತ ಕೂಗಿದರೆ, ಎದ್ದು ಬಂದು ಕೇಳುತ್ತಿದ್ದರು: "ಆಯ್ತು ಅಂದ್ರೆ ಆಗಿದೆಯೋ, ಆಗತ್ತೋ? ಬಿಡಿಸಿ ಹೇಳೇ." ಹಾಗೆ ಬೆಳೆದವಳು ನಾನು. ಮಾತಿನ ಎರಡು ಮುಖ ಗೊತ್ತಿರಲಿಲ್ಲ ಅಂತ ಹೇಳುವಂತಿಲ್ಲ. ಗೊತ್ತಿದ್ದೇ ಅದನ್ನು ಆರಿಸಿಕೊಂಡೆ — ಅಂದರೆ, ನಾಲಿಗೆ ತಾನಾಗಿ ಅದನ್ನು ಆರಿಸಿಕೊಂಡಿತು, ನಾನು ತಡೆಯಲಿಲ್ಲ.

ಗಿರಿಜಾ ಅಷ್ಟಕ್ಕೇ ಬಿಡಲಿಲ್ಲ. ಎರಡು ಮೆಟ್ಟಿಲು ಇಳಿದವಳು ತಿರುಗಿ, "ಹಂಗಾದ್ರ ಏರಿಸ್ಲೇನ್ರೀ?" ಅಂದಳು.

ನಾನು ತಲೆಯಾಡಿಸಿದೆ.

ಆಯ್ತು ಅನ್ನುವ ಮಾತಿಗೆ ಎರಡು ಅರ್ಥವಿದ್ದಿರಬಹುದು. ಈ ತಲೆಯಾಡಿಸಿದ್ದಕ್ಕೆ ಒಂದೇ ಅರ್ಥ. ನೋಡಿದವಳು ಅವಳೊಬ್ಬಳೇ.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಮಾಲೀಕರೆಲ್ಲ ಫೋನಿನಲ್ಲಿ ಕಾಳು ನೋಡಿ ಖುಷಿಪಟ್ಟರು, ಚನ್ನಪ್ಪನವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಆಮೇಲೆ ಪೂರ್ತಿ ಓಡಿಸುತ್ತೇನೆ ಅಂದುಕೊಂಡಿದ್ದೆನಲ್ಲ — ಓಡಿಸಲಿಲ್ಲ. ಇವತ್ತು ಪಾಠ, ನಾಳೆ ಪರೀಕ್ಷೆಯ ಕೆಲಸ. ನಿಜ ಹೇಳಬೇಕೆಂದರೆ ಓಡಿಸಲು ಹೆದರಿದೆ. ತಪ್ಪು ಅಂತ ಖಚಿತವಾದರೆ ಹೇಳಲೇಬೇಕಾಗುತ್ತದೆ, ಖಚಿತವಾಗದಿದ್ದರೆ ಹೇಳಬೇಕಾಗಿಲ್ಲ. ವೆಬ್‌ಸೈಟ್ ತೆರೆದಾಗಲೆಲ್ಲ ಆ ಉದಾಹರಣೆಯನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದೆ. ಕಾರಿಡಾರಿನಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಬಾಗಿಲ ಕಡೆ ತಿರುಗಿ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಅದು ಚನ್ನಪ್ಪನವರ ದನಿಯೇ ಆಗಿತ್ತು.

"ಸಾರ್, ಬಿಸ್ಕತ್ತು ಮುರ್ದಂಗೆ ಮುರೀತು ಸಾರ್," ಅಂತ ಪಿನ್ನಿನ ತುಂಡುಗಳನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟರು. ಭಾರ ಎತ್ತುವ ಚೈನ್ ಪುಲ್ಲಿಗೆ ಹಾಕುವ ಪಿನ್ನು ಅದು. "ಟೆಸ್ಟಿಂಗಲ್ಲೇ ಮುರೀತು ಅಂತ ಬಚಾವು. ಸೈಟಿಗೆ ಹೋಗಿ, ಕೆಳಗೆ ಯಾರಾದ್ರೂ ನಿಂತಿದ್ದಿದ್ರೆ? ಎಷ್ಟು ಹೊತ್ತು ಇಟ್ರೂ ಏನೂ ಆಗಲ್ಲ ಅಂತ ನಿಮ್ಮ ವೆಬ್‌ಸೈಟೇ ತೋರಿಸ್ತು. ನಂಬ್ಕೊಂಡು ಒಂದೇ ಸಲಕ್ಕೆ ಜಾಸ್ತಿ ಪೀಸ್ ತುಂಬಿ, ಜಾಸ್ತಿ ಹೊತ್ತು ಕಾಯಿಸ್ದೆ." ಆಮೇಲೆ ಗಿರಿಜಾಳ ಕಡೆ ತಿರುಗಿದರು. "ಏನಮ್ಮ, ಇದನ್ನೇನು ಗೇಮ್ ಅನ್ಕೊಂಡ್ಯಾ? ಬಣ್ಣ ಬಣ್ಣದ್ದು ತೋರಿಸ್ಬಿಟ್ರೆ ಆಗೋಯ್ತಾ? ಓದಿದೋರು ಅಂತ ನಂಬಿದ್ದಕ್ಕೆ ಚೆನ್ನಾಗ್ ಮಾಡ್ದೆ."

ಶ್ರೀಕಂಠಯ್ಯನವರು ಕನ್ನಡಕ ತೆಗೆದು, "ಚೆಕ್ ಮಾಡಿಸ್ದೆ ಯಾಕಮ್ಮ ಅಪ್ಲೋಡ್ ಮಾಡಿದ್ದು?" ಅಂದರು.

"ಮೇಡಂ ನೋಡ್ಯಾರ್ರೀ ಸರ್. ನಾ ಕೇಳಿದ್ದೆ. ಆಯ್ತು ಅಂದ್ರು."

"ಹೌದಾ ಮೇಡಂ?"

ಎಲ್ಲರೂ ನನ್ನ ಕಡೆ ನೋಡಿದರು. ಆ ಕ್ಷಣದಲ್ಲಿ — ಇದನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ — ನನಗೆ ಭಯಕ್ಕಿಂತ ಹೆಚ್ಚಾಗಿ ಒಂದು ಚುರುಕುತನ ಬಂದಿತ್ತು. ಬಾಗಿಲು ಎಲ್ಲಿದೆ ಅಂತ ಕತ್ತಲಲ್ಲೂ ಗೊತ್ತಾದ ಹಾಗೆ.

"ಆಯ್ತು ಅಂದಿದ್ದು ನಿಜ ಸಾರ್," ಅಂದೆ. "ಆಯ್ತು ಅಂದ್ರೆ, ಮಾಡ್ತೀನಿ ಅಂತ. ಮಾಡಿದೀನಿ ಅಂತ ಅಲ್ಲ."

ಶ್ರೀಕಂಠಯ್ಯನವರು ಕುರ್ಚಿಗೆ ಒರಗಿದರು. ಬಿಗಿದಿದ್ದ ಅವರ ಮುಖ ಸಡಿಲವಾಯಿತು, ಸ್ವಲ್ಪ ನಕ್ಕರೂ ನಕ್ಕರು. "ಅಲ್ಲಿಗೆ ಗೊತ್ತಾಯ್ತು ಬಿಡಿ. ನಿಮ್ಮ ಕಡೆ ಆತು ಅಂದ್ರೆ ಮುಗೀತು ಅಂತ ಇರಬೇಕು ಕಣಮ್ಮ. ಇಲ್ಲಿ ಹಾಗಲ್ಲ. ಬೆಂಗಳೂರಿಗೆ ಬಂದ್ಮೇಲೆ ಸ್ವಲ್ಪ ನಮ್ಮ ಕನ್ನಡಾನೂ ಅರ್ಥ ಮಾಡ್ಕೋಬೇಕು."

ಅವಳ ಕಡೆಯ 'ಆತು'ವಿಗೂ ನಮ್ಮ 'ಆಯ್ತು'ವಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಲ್ಲಿಯೂ ಅದಕ್ಕೆ ಅವೇ ಎರಡು ಅರ್ಥ. ಅದು ನನಗೆ ಗೊತ್ತಿತ್ತು. ಊಟದ ಹೊತ್ತಿನಲ್ಲಿ ಅವಳ ಜೊತೆ ಇಂಥ ಮಾತುಗಳನ್ನೇ ಹರಟಿದವಳು ನಾನು. ತಪ್ಪು ಅವಳ ಲೆಕ್ಕದ್ದೆಂದು ಹೇಳಿದ್ದರೆ ಅವಳು ಎದುರಾಡಬಹುದಿತ್ತು. ಅವಳ ಭಾಷೆಯದ್ದೆಂದು ಹೇಳಿಬಿಟ್ಟರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಗಿರಿಜಾ ನನ್ನ ಕಡೆ ತಿರುಗಿ, ಮೆಲ್ಲಗೆ, ನನಗೆ ಮರೆತಿದ್ದನ್ನು ನೆನಪಿಸುವವಳ ಹಾಗೆ, "ತಲಿ ಆಡಿಸಿದ್ರಲ್ರೀ ಮೇಡಂ. ಏರಿಸ್ಲೇನು ಅಂದಾಗ," ಅಂದಳು.

"ನೆನಪಿಲ್ಲ ಗಿರಿಜಾ."

ಅವಳು ಮುಖ್ಯಸ್ಥರ ಕಡೆ ತಿರುಗಿ, "ನನಗ ಕನ್ನಡ ಬರ್ತೈತ್ರೀ ಸರ್," ಅಂದು ಹೊರಗೆ ಹೋದಳು.

ಅವಳ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಪಿಎಚ್‌ಡಿ ಅರ್ಜಿಗೆ ಸಹಿಯೂ ಬೀಳಲಿಲ್ಲ. ವೆಬ್‌ಸೈಟಿನಿಂದ ಅವಳ ಹೆಸರು ತೆಗೆಯಲ್ಪಟ್ಟಿತು — ಕರ್ಮಣಿ ಬೇಡ, ಕರ್ತರಿಯಲ್ಲೇ ಬರೆಯುತ್ತೇನೆ: ತೆಗೆಯಲು ಹೇಳಿದವರು ಅವರು, ತೆಗೆದವಳು ನಾನು. ಚುಕ್ಕಿಗಳನ್ನು ಹತ್ತಿರ ಮಾಡಿ ಪೂರ್ತಿ ಓಡಿಸಿದೆ. ಅವತ್ತು ಅರ್ಧದಲ್ಲಿ ಕಂಡದ್ದೇ ನಿಜವಾಗಿತ್ತು. ಉದಾಹರಣೆಯನ್ನು ತಿದ್ದಿದೆ. ಅದಾದ ಮೇಲೆ ವೆಬ್‌ಸೈಟ್ ನನ್ನ ಒಬ್ಬಳ ಹೆಸರಿನಲ್ಲೇ ನಡೆಯಿತು. ಬೇರೆ ಕಾಲೇಜಿನವರು ಬಳಸಿದರು, ಹೊಗಳಿದರು, ನನ್ನನ್ನು ಕರೆಸಿ ಶಾಲು ಹೊದಿಸಿದರು. ಹೊದ್ದುಕೊಂಡೆ.

ಈ ವರ್ಷ ತರಗತಿಯಲ್ಲಿ ಅದನ್ನು ತೋರಿಸುತ್ತಿದ್ದಾಗ ಒಬ್ಬ ಹುಡುಗಿ, "ಇದನ್ನ ಯಾರು ಮಾಡಿದ್ದು ಮೇಡಂ?" ಅಂತ ಕೇಳಿದಳು.

"ನಾವೇ ಮಾಡಿದ್ದು," ಅಂದೆ. 'ನಾವೇ' — ಅದೂ ಬಚ್ಚಿಟ್ಟುಕೊಳ್ಳಲು ಒಳ್ಳೆಯ ಮಾತು.

"ನಮ್ಮ ಟ್ಯೂಷನ್ ಮಿಸ್ಸೂ ಇದನ್ನೇ ತೋರಿಸ್ತಿದ್ರು ಮೇಡಂ, ಶ್ರೀಗಂಧದ ಕಾವಲಲ್ಲಿ. ಮೊದ್ಲು ಚುಕ್ಕಿ ಹತ್ತಿರ ಇಟ್ಟು ನೋಡ್ರಿ, ಆಮ್ಯಾಲ ನಂಬ್ರಿ, ಅಂತಿದ್ರು." ಹುಡುಗಿ ಅವಳ ದನಿಯನ್ನೇ ಅನುಕರಿಸಿದಳು. ತರಗತಿ ನಕ್ಕಿತು.

ತಾನು ಬರೆದದ್ದನ್ನು, ಇನ್ನೊಬ್ಬಳ ಹೆಸರು ಹೊತ್ತದ್ದನ್ನು, ಗಿರಿಜಾ ಮಕ್ಕಳಿಗೆ ತೋರಿಸಿ ಪಾಠ ಹೇಳುತ್ತಿದ್ದಳು. ನನಗೆ ಆವತ್ತಿನ ಪಾಠ ಮುಂದುವರಿಸಲು ಆಗಲಿಲ್ಲ.

ಆ ಶನಿವಾರ ಶ್ರೀಗಂಧದ ಕಾವಲಿಗೆ ಹೋದೆ. ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಟ್ಯೂಷನ್ ಸೆಂಟರು. ಒಂದು ತರಗತಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಹೊತ್ತು. ಗಿರಿಜಾ ನನ್ನನ್ನು ನೋಡಿ, ಡಸ್ಟರ್ ಕೆಳಗಿಟ್ಟು, "ಕೂಡ್ರಿ ಮೇಡಂ," ಅಂದು ಬೆಂಚು ತೋರಿಸಿದಳು. ನಾನು ಕೂರಲಿಲ್ಲ. ಅರ್ಧ ಓಡಿಸಿ ನಿಲ್ಲಿಸಿದ್ದು, ಕಾಳು ದಪ್ಪಗೆ ಕಂಡದ್ದು, ತಲೆಯಾಡಿಸಿದ್ದು, ನೆನಪಿದ್ದೂ ನೆನಪಿಲ್ಲ ಅಂದದ್ದು — ಎಲ್ಲ ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳು ಒಂದೂ ಬರಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ, ಬೈಯಲಿಲ್ಲ.

"ನನಗ್ಯಾಕ ಹೇಳ್ತೀರಿ ಮೇಡಂ?" ಅಂದಳು. "ನನಗ ಆವತ್ತ ಗೊತ್ತಿತ್ತು. ಗೊತ್ತಿಲ್ಲದವ್ರಿಗೆ ಹೋಗಿ ಹೇಳ್ರಿ."

ಮಕ್ಕಳು ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾನು ಇಳಿದು ಬಂದೆ.

ಶ್ರೀಕಂಠಯ್ಯನವರು ಈಗ ಪ್ರಿನ್ಸಿಪಾಲರು. ಸೋಮವಾರ ಅವರ ಕೋಣೆಗೆ ಹೋಗಿ ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದರು. "ಹಳೇ ಕಥೆ ಮೇಡಂ. ಆ ಹುಡುಗಿನೂ ಎಲ್ಲೋ ಸೆಟ್ಲ್ ಆಗಿರ್ತಾಳೆ. ಈಗ ಕೆದಕಿ ಯಾರಿಗೆ ಲಾಭ? ನಿಮಗೂ ಕಷ್ಟ, ಕಾಲೇಜಿಗೂ ಕೆಟ್ಟ ಹೆಸರು." ನಾನು ಅವರ ಜೊತೆ ವಾದ ಮಾಡಲಿಲ್ಲ. ನಡೆದದ್ದನ್ನು ಬರೆದು, ಸಹಿ ಹಾಕಿ ಆಡಳಿತ ಮಂಡಳಿಗೆ ಕೊಟ್ಟೆ. ವೆಬ್‌ಸೈಟಿನ ಮೊದಲ ಪುಟದಲ್ಲಿ ಇದನ್ನು ರಚಿಸಿದವಳು ಗಿರಿಜಾ ಎಂದೂ, ಹಿಂದೆ ತಪ್ಪಾಗಿದ್ದ ಉದಾಹರಣೆಯನ್ನು ಪರೀಕ್ಷಿಸದೆ ಒಪ್ಪಿದವಳು ನಾನೆಂದೂ ಹಾಕಿದೆ. ಲ್ಯಾಬಿನ ಹೊಣೆಯಿಂದ ನನ್ನನ್ನು ಬಿಡಿಸಿದ್ದಾರೆ. ಮುಂದೇನು ಮಾಡುತ್ತಾರೋ ತಿಳಿಯದು. ಏನು ಮಾಡಿದರೂ ನಾನು ಪ್ರಶ್ನಿಸುವುದಿಲ್ಲ. ಇದರಿಂದ ಅವಳು ಕಳೆದುಕೊಂಡ ವರ್ಷಗಳಲ್ಲಿ ಒಂದು ದಿನವೂ ವಾಪಸ್ಸು ಬರುವುದಿಲ್ಲ ಅನ್ನುವುದು ನನಗೆ ಗೊತ್ತು.

ಕೊನೆಗೆ ರಾಜಾಜಿನಗರಕ್ಕೆ ಹೋದೆ. ಚನ್ನಪ್ಪನವರು ಫರ್ನೇಸಿನ ಪಕ್ಕದ ಸಣ್ಣ ಆಫೀಸಿನಲ್ಲಿದ್ದರು. ವಯಸ್ಸಾಗಿದೆ, ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹೇಳಿ ಮುಗಿಸಿದೆ. ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಆ ಹುಡುಗೀನ ನಿಲ್ಲಿಸ್ಕೊಂಡು ಬೈದೆನಲ್ಲಮ್ಮ ನಾನು," ಅಂದರು. ಮತ್ತೆ ಅದನ್ನೇ ಅಂದರು. ಆಮೇಲೆ ಪೆನ್ನು ತೆಗೆದು, "ಎಲ್ಲಿದೆ ಹೇಳಿ ಆ ಟ್ಯೂಷನ್ನು," ಅಂದರು.

"ನಾನೂ ಬರ್ತೀನಿ ಸಾರ್, ತೋರಿಸ್ತೀನಿ."

"ಬೇಡಮ್ಮ. ನೀವು ಬರೋದು ಬೇಡ."

ಭಾನುವಾರ ಅವರು ಹೆಂಡತಿಯನ್ನು ಕರೆದುಕೊಂಡು ಶ್ರೀಗಂಧದ ಕಾವಲಿಗೆ ಹೋಗಿ ಬಂದರು. ಸಂಜೆ ಅವರೇ ಫೋನು ಮಾಡಿ ತಿಳಿಸಿದರು. ಗಿರಿಜಾ ಇಬ್ಬರನ್ನೂ ಒಳಗೆ ಕರೆದು ಕೂರಿಸಿದಳಂತೆ, ಚಹಾ ಮಾಡಿ ಕೊಟ್ಟಳಂತೆ. ಬಹಳ ಹೊತ್ತು ಮಾತಾಡಿದರಂತೆ. ನನ್ನ ವಿಷಯ ಅವಳು ಕೇಳಲಿಲ್ಲವಂತೆ.